ಬಾಯ್ಲರ್ ಕೋಣೆಯಲ್ಲಿ ಆರು ಬಾಟಲಿ

ಸೆಪ್ಟೆಂಬರಿನ ಸಂಘಗಳ ಸಂತೆಯಲ್ಲಿ
ಪುಕ್ಕಟೆ ಪೆನ್ನಿಗೆ ಕೈಚಾಚಿ ಹೆಸರು ಬರೆದುಕೊಟ್ಟವಳು ನಾನು.
ನಲವತ್ತು ಗಂಟೆ ಸೇವೆ, ಕೊನೆಗೊಂದು ಪ್ರಮಾಣಪತ್ರ,
ಅದರ ಮೇಲೆ ಡೀನ್ ಸಹಿ.
ಚದುರಂಗದವರೂ ಕರೆದಿದ್ದರು, ದೋಣಿಯವರೂ.
ಪೆನ್ನು ಕೊಟ್ಟವರು ಇವರೊಬ್ಬರೇ.

ವಿಜ್ಞಾನ ಕಟ್ಟಡದ ನೆಲಮಾಳಿಗೆ,
ಹಿಂದೆ ಬಾಯ್ಲರ್ ಇದ್ದ ಕೋಣೆ.
ಈಗ ತಗಡಿನ ಕಪಾಟು, ಬಟಾಣಿ ಡಬ್ಬಿ, ಓಟ್ಸು,
ಯಾರಿಗೂ ಬೇಡವಾದ ಕುಂಬಳದ ಸೂಪು.
ಬಂದದ್ದೆಲ್ಲ ತಕ್ಕಡಿಗೆ, ತೂಗಿದ್ದೆಲ್ಲ ವಹಿಗೆ:
ಈ ವಾರದ ಔದಾರ್ಯ ಇನ್ನೂರ ಹನ್ನೊಂದು ಪೌಂಡು.
ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದಂತೆ.
ನಾನು ಎಡಚಿ,
ಬರೆದುಕೊಳ್ಳುವುದೇ ನನ್ನ ಕೆಲಸ.

ತೆಗೆದುಕೊಳ್ಳುವವರು ಮುಚ್ಚುವ ಹೊತ್ತಿಗೆ ಬರುತ್ತಾರೆ,
ಬೆನ್ನುಚೀಲ ಎದೆಗೆ ಹಾಕಿಕೊಂಡು.
ನನ್ನದೇ ತರಗತಿಯ ಕೆಲ್ವಿನ್ ಪೆನ್ನಿ ಒಮ್ಮೆ ಬಂದ.
ಗಾಳಿ ಎಷ್ಟು ಜೋರು ಅಂದ, ಹೌದು ಜೋರು ಅಂದೆ.
ನ್ಯೂಫೌಂಡ್‌ಲ್ಯಾಂಡಿನಲ್ಲಿ ಆ ಮಾತಿಗೆಂದೂ ಬರವಿಲ್ಲ.

ನವೆಂಬರಿನ ಗುರುವಾರ, ಕಡಲ ಮಂಜು ಕಿಟಕಿಗೆ ಅಂಟಿದ್ದಾಗ
ಆಂಬ್ರೋಸ್ ಕಿಯೋ ಬಂದರು, ಎಪ್ಪತ್ತೆಂಟರ ಮುದುಕ.
ರಟ್ಟಿನ ಪೆಟ್ಟಿಗೆ, ಪತ್ರಿಕೆಯಲ್ಲಿ ಸುತ್ತಿದ ಆರು ಬಾಟಲಿ.
"ಮೂಸ್ ಮಾಂಸ. ಕೊಂಬೇ ನನ್ನಷ್ಟು ಅಗಲ ಇತ್ತು.
ನಾನೇ ಹೊಡೆದದ್ದು, ನಾನೇ ಬೇಯಿಸಿ ಮುಚ್ಚಿದ್ದು.
ಹುಡುಗರಿಗೆ ಆಗುತ್ತೆ."

ಗೋಡೆಯ ಮೇಲಿನ ಹಾಳೆ ಹೇಳುತ್ತಿತ್ತು:
ಮನೆಯಲ್ಲಿ ಮಾಡಿದ್ದು ಬೇಡ, ತಾರೀಖಿಲ್ಲದ್ದು ಬೇಡ.
ನಾನು ಮೆತ್ತಗೆ ಓದಿದೆ.
ಮೆತ್ತಗೆ ಓದಿದರೂ ನಿಯಮ ನಿಯಮವೇ.

ಅವರು ಜಗಳಾಡಲಿಲ್ಲ. ಮೂಲೆಯ ಕೊಳವೆಗೆ ಅಂಗೈ ಇಟ್ಟರು,
ಮುದಿ ಕುದುರೆಯ ಕುತ್ತಿಗೆ ಸವರುವ ಹಾಗೆ.
"ಮೂವತ್ತೊಂದು ಚಳಿಗಾಲ ಇಲ್ಲಿ ಬೆಂಕಿ ನೋಡಿಕೊಂಡವನು ನಾನು.
ಮೇಲೆ ಪಾಠ ನಡೆಯುತ್ತಿತ್ತು. ಏನು ಪಾಠವೋ.
ಯಾರಿಗೂ ಚಳಿಯಾಗಲಿಲ್ಲ, ಅಷ್ಟು ಗೊತ್ತು."

ಪೆಟ್ಟಿಗೆ ಎತ್ತಿಕೊಂಡರು. ಬಾಟಲಿಗೆ ಬಾಟಲಿ ತಾಕಿತು.
ಆ ಸದ್ದಿಗೋ,
ಬೆಳಗಿನಿಂದ ಚಹಾ ಬಿಟ್ಟು ಬೇರೆ ಕಾಣದ ಹೊಟ್ಟೆಗೋ,
ಬಾಯಿಂದ ಬಂದುಬಿಟ್ಟಿತು:
"ನನಗೆ ಕೊಡ್ತೀರಾ?"

ಎರಡು ತಿಂಗಳು ಮೇಜಿನ ಈಚೆ ನಿಂತವಳು.
ಕೊಡುವಾಗ ಒಮ್ಮೆಯೂ ಕಿವಿ ಬಿಸಿಯಾದದ್ದಿಲ್ಲ.
ಕೆಲ್ವಿನ್ ಯಾಕೆ ಗಾಳಿಯ ಬಗ್ಗೆ
ಅಷ್ಟು ಹೊತ್ತು ಮಾತಾಡಿದ, ಆಗ ತಿಳಿಯಿತು.

ವಹಿಯಲ್ಲಿ ಬರೆಯಲಿಲ್ಲ. ತಕ್ಕಡಿಯ ಮುಳ್ಳು ಸೊನ್ನೆಯಲ್ಲೇ ಇತ್ತು.

ಹಾಸ್ಟೆಲಿನ ಅಡುಗೆಮನೆಯಲ್ಲಿ
ಫೊಲಾಶಾದೆ ಮುಚ್ಚಳ ತೆಗೆದು ಮೂಸಿ,
"ಉಪ್ಪು ಬಿಟ್ಟರೆ ಏನೂ ಹಾಕಿಲ್ಲ, ಪಾಪ" ಎಂದು
ಲಾಗೋಸಿನಿಂದ ಬಂದ ಮೆಣಸಿನಪುಡಿ ಸುರಿದಳು.
ಈರುಳ್ಳಿ ಹೆಚ್ಚಿದವನು ಟುವಾನ್. ಅನ್ನ ಹೆಚ್ಚಾಯಿತು, ತಟ್ಟೆ ಸಾಲದಾಯಿತು.
ಕೆಲ್ವಿನ್‌ಗೆ ಹೇಳಿಕಳಿಸಿದೆ, ಚಮಚ ತಾನೇ ತಂದ.
"ನಮ್ಮಜ್ಜಿ ಇದಕ್ಕೆ ಮೆಣಸು ಹಾಕುತ್ತಿರಲಿಲ್ಲ" ಎಂದು ಆಕ್ಷೇಪಿಸಿ
ಮೂರನೇ ಸಲ ಬಡಿಸಿಕೊಂಡ.

ಬಾಟಲಿ ತೊಳೆದಿಟ್ಟೆವು.
ಖಾಲಿ ಪಾತ್ರೆ ಹಿಂದಿರುಗಿಸಬಾರದು ನಮ್ಮ ಕಡೆ, ಅಂದಳು ಫೊಲಾಶಾದೆ.
ನಮ್ಮ ಕಡೆಯೂ, ಅಂದ ಟುವಾನ್.
ನಮ್ಮ ಕಡೆ ಹೇಗೆಂದು ಅಮ್ಮನಿಗೆ ಫೋನು ಮಾಡಿ ಕೇಳಿದೆ.
"ಯಾವ ಬಾಟಲಿ? ಊಟ ಮಾಡ್ತಿದ್ದೀಯೋ ಇಲ್ಲವೋ?" ಅಂದಳು.
ಒಂದರಲ್ಲಿ ಮೆಣಸಿನಪುಡಿ, ಒಂದರಲ್ಲಿ ಒಣಶುಂಠಿ,
ಒಂದರಲ್ಲಿ, ಬೇರೇನೂ ತೋಚದೆ,
ನನ್ನ ಆ ಪುಕ್ಕಟೆ ಪೆನ್ನು.

ಏಪ್ರಿಲಿನಲ್ಲಿ, ಕೊಲ್ಲಿಯ ತುಂಬ ಹಿಮಗಡ್ಡೆ ತೇಲುವಾಗ ಮತ್ತೆ ಬಂದರು.
ಅಷ್ಟರಲ್ಲಿ ನನ್ನ ಪ್ರಮಾಣಪತ್ರವೂ ಬಂದಿತ್ತು,
ಹೆಸರಿನಲ್ಲಿ ಒಂದಕ್ಷರ ತಪ್ಪಿ.
ಬೆರಳು ಮಡಿಸಿ ಎಣಿಸಿದರು: ಐದು.
"ಆರನೆಯದರಲ್ಲಿ ಕೆಲ್ವಿನ್ ಚಿಲ್ಲರೆ ಹಾಕಿಡುತ್ತಾನೆ. ಕೇಳಿ ತರಲೇ?"

ಕೊಳವೆಯೊಳಗೆಲ್ಲೋ ಟಕ್ ಎಂದಿತು. ಅವರು ಕಿವಿಗೊಟ್ಟರು.
"ಗಾಳಿ ಸಿಕ್ಕಿಕೊಂಡಿದೆ. ಯಾರಿಗಾದರೂ ಹೇಳಿ ಬಿಡಿಸು" ಅಂದರು ಮೊದಲು.
ಆಮೇಲೆ, ಬಾಗಿಲಲ್ಲಿ, ಟೋಪಿ ಎಳೆದುಕೊಳ್ಳುತ್ತ:
"ಇರಲಿ ಬಿಡು ಮಗಾ,
ಒಂದು ಬಾಕಿ ಇದ್ದರೆ
ಮತ್ತೆ ಬರೋದಕ್ಕೆ ನೆಪ."