ಒಸಡು

ಹನ್ನೊಂದು ಇದ್ದವು. ಹನ್ನೊಂದೂ ಮುರಿದವು.
ಬಾಗಿಲ ಉದ್ದಕ್ಕೆ ಓಡುವ ಹೊಳೆವ ಪಟ್ಟಿಯ ಬೆನ್ನಿಗೆ
ಐವತ್ತು ವರ್ಷ ಕಚ್ಚಿಕೊಂಡಿದ್ದ ಕ್ಲಿಪ್ಪುಗಳು
ಚಾಕುವಿನ ತುದಿ ತಾಗಿದ್ದೇ ತಡ
ಟಿಕ್, ಟಿಕ್, ಟಿಕ್,
ಬಾಣಲೆಯಲ್ಲಿ ಹುರಳಿ ಸಿಡಿದ ಹಾಗೆ.

ತುಕ್ಕು ಒರೆಸೋಣ ಎಂದು ತೆಗೆದದ್ದು, ಅಷ್ಟೇ.
ನದಿಯ ತೇವ ಪಟ್ಟಿಯ ಹಿಂದೆ ಸೇರಿ
ಕಂದು ಮೀಸೆ ಬಿಟ್ಟಿತ್ತು.
ಎಡಗಡೆ ಹಿಂಬಾಗಿಲಿಗಂತೂ ಪಟ್ಟಿಯೇ ಇಲ್ಲ.
ಮಾರುವಾಗ ಪಾದ್ರಿ ಹೇಳಿದ್ದ: 'ಎಲ್ಲೋ ಇದೆ, ಸ್ಮರಾಂಡಾ,
ಸಿಕ್ಕರೆ ಕಳಿಸುತ್ತೇನೆ.'
ಪಾದ್ರಿ ತೀರಿಕೊಂಡ. ಪಟ್ಟಿ ಎಲ್ಲೋ ಇದೆ.

ಬ್ರಯಿಲಾದಲ್ಲಿ ಟ್ರಾಮ್ ಓಡಿಸುವವಳು ನಾನು.
ನನ್ನ ಗಾಡಿಗೆ ಹಳಿ ಉಂಟು, ದಾರಿಯ ಚಿಂತೆಯಿಲ್ಲ.
ಈ ಡಾಚಿಯಾ ಮಾತ್ರ, ಎಪ್ಪತ್ನಾಲ್ಕರದು, ಹಸಿ ಬಟಾಣಿ ಬಣ್ಣದ್ದು,
ನನ್ನನ್ನು ಎಲ್ಲೆಲ್ಲೋ ಅಲೆಸಿತು.
ಗಲಾತ್ಸಿಯ ಅಂಗಡಿಯವ ಹೊಸ ಕ್ಲಿಪ್ ಕೊಟ್ಟ.
ಚೆಂದ ಇತ್ತು, ತಲೆ ಮಾತ್ರ ಒಂದು ಕೂದಲು ದಪ್ಪ;
ತೂತಿಗೆ ಇಳಿಯದು, ಒತ್ತಿದರೆ ಬಣ್ಣ ಎದ್ದೀತು.
'ಇದನ್ನೇ ಎಲ್ಲರೂ ಒಯ್ಯುತ್ತಾರಮ್ಮ.'
ಎಲ್ಲರ ಪಟ್ಟಿಯೂ ರಸ್ತೆಯಲ್ಲಿ ಬಿದ್ದಿರುತ್ತದೆ, ಅಂದೆ.

ಕೊನೆಗೆ ಗುಜರಿ ಪಿಂಟಿಲಿಯೆಯ ಹಿತ್ತಲು.
ಹೊಟ್ಟೆಯವರೆಗೆ ಹುಲ್ಲಲ್ಲಿ ಇಳಿದು ನಿಂತ ಡಾಚಿಯಾಗಳು
ಮೇಯುತ್ತಿವೆಯೋ ಎಂಬಂತೆ.
ಎಡಗಡೆಯ ಹಿಂಬಾಗಿಲು ಒಂದಕ್ಕೂ ಇಲ್ಲ. ಹೊರಟೆ.
ಗೇಟಿನ ಪಕ್ಕ ಟೊಮೇಟೊ ಮಡಿ.
ಮೂರನೆಯ ಗಿಡಕ್ಕೆ ಊರುಗೋಲಾಗಿ
ಮಣ್ಣಲ್ಲಿ ನೆಟ್ಟಗೆ ನಿಂತಿತ್ತು
ನನ್ನ ಪಟ್ಟಿ.

'ಹಣ ಬೇಡ,' ಅಂದ ಪಿಂಟಿಲಿಯೆ, ಬಾಯಿಗೆ ಕೈ ಅಡ್ಡ ಹಿಡಿದು.
'ಟ್ರಾಮಿನವಳು ನೀನು, ಊರೆಲ್ಲ ಗೊತ್ತು.
ಅಗ್ಗಕ್ಕೆ ಹಲ್ಲು ಕಟ್ಟುವವನು ಯಾರಾದರೂ...'
ಮಗಳ ಮದುವೆಗೆ ಇನ್ನು ಹದಿನೈದು ದಿನ. ಫೋಟೊ ತೆಗೆಯುತ್ತಾರೆ.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ.
ಪಟ್ಟಿ ಸಿಕ್ಕಿತು ನನಗೆ, ಕಚ್ಚಲು ಕ್ಲಿಪ್ಪಿಲ್ಲ.
ಮದುವೆಯೂಟ ಬಂತು ಅವನಿಗೆ, ಅಗಿಯಲು ದವಡೆಯಿಲ್ಲ.

ಹಾರಲಾಂಬಿಯೆಯ ಮಹಡಿಗೆ ಇಬ್ಬರೂ ಹತ್ತಿದೆವು.
ಊರ ಅರ್ಧ ಬಾಯಿಗಳನ್ನು ಕೂಡಿಸಿಕೊಟ್ಟು ಬೆನ್ನು ಬಾಗಿದವ;
ಕಪಾಟಿನ ತುಂಬ ಗಚ್ಚಿನ ದವಡೆಗಳು,
ಒಂದೊಂದಕ್ಕೂ ಹೆಸರು ಚೀಟಿ.
ಪಿಂಟಿಲಿಯೆಯ ಬಾಯಿಯ ಅಚ್ಚು ಗಟ್ಟಿಯಾಗುವವರೆಗೆ
ಮುರುಕು ಕ್ಲಿಪ್ಪೊಂದನ್ನು ಬೆರಳಲ್ಲಿ ಹೊರಳಿಸುತ್ತ ಕೂತಿದ್ದೆ.
'ಅದು ಯಾರದು?' ಅಂದ ಮುದುಕ.
ಕಾರಿನದು ಅಂದೆ.
ದೀಪದಡಿ ಹಿಡಿದ, ಉಗುರಿಂದ ಅಳೆದ, ಮೂಸಿಯೂ ನೋಡಿದ.
'ಬಾಗುವ ಜಾತಿಯ ನೈಲಾನ್ ಇದೆ ನನ್ನಲ್ಲಿ, ಮುರಿಯದು.
ಬಣ್ಣ ಮಾತ್ರ ಒಂದೇ.'

ಹತ್ತನೆಯ ದಿನ ಒಂದೇ ಚೀಲದಲ್ಲಿ ಎರಡು ಪೊಟ್ಟಣ ಕೊಟ್ಟ:
ಪಿಂಟಿಲಿಯೆಯ ನಗು ಒಂದರಲ್ಲಿ,
ಇನ್ನೊಂದರಲ್ಲಿ ಒಸಡಿನ ಬಣ್ಣದ ಕ್ಲಿಪ್ಪುಗಳು.
ಹದಿನೈದು ಕೇಳಿದ್ದೆ. ಹದಿನಾರು ಇದ್ದವು.
'ಒಂದು ದವಡೆಗೆ ಹದಿನಾರು,' ಅಂದ. 'ಕೈ ನಿಲ್ಲಲಿಲ್ಲ.'

ಭಾನುವಾರ ಅಂಗೈ ಮುಷ್ಟಿ ಮಾಡಿ
ಮುಂದಿಂದ ಹಿಂದಕ್ಕೆ ಗುದ್ದುತ್ತ ಬಂದೆ.
ಟಪ್. ಟಪ್.
ಇದು ಮುರಿಯುವ ಸದ್ದಲ್ಲ.

ಮದುವೆಯ ಫೋಟೊದಲ್ಲಿ ಪಿಂಟಿಲಿಯೆಯ ಎರಡೂ ಕೈ
ಮೊದಲ ಸಲ ಎಲ್ಲಿಡಬೇಕೆಂದು ತಿಳಿಯದೆ
ಕೋಟಿನ ಅಂಚು ಹಿಡಿದಿವೆ.
ಟೊಮೇಟೊಗೆ ಬದಲಿ ಕೋಲು ಕೊಟ್ಟಿದ್ದೆ;
ಗಿಡ ಅದನ್ನು ಒಪ್ಪದೆ ಬೇಲಿಯತ್ತ ವಾಲಿದೆಯಂತೆ.

ಮಣ್ಣಲ್ಲಿದ್ದ ಒಂದು ಗೇಣು ಪಟ್ಟಿ
ಎಷ್ಟು ಉಜ್ಜಿದರೂ ಮಂಕು.
ಕೂತು ನೋಡಿದರೆ ಅದರ ಅಡಿಯಲ್ಲಿ
ಅಕ್ಕಿಕಾಳಿನಷ್ಟು ಗುಲಾಬಿ ಇಣುಕುತ್ತದೆ.
ತೀಡಬಹುದಿತ್ತು. ತೀಡಲಿಲ್ಲ.

ಹದಿನಾರನೆಯದು ಸಮವಸ್ತ್ರದ ಜೇಬಿನಲ್ಲಿದೆ.
ಕೊನೆಯ ನಿಲ್ದಾಣದಲ್ಲಿ ಜನ ಇಳಿಯುವಾಗ
ಹೆಬ್ಬೆಟ್ಟಿನಿಂದ ಬಾಗಿಸುತ್ತೇನೆ,
ಬಿಡುತ್ತೇನೆ.