ಎಂಟು ಮಿಲಿಸೆಕೆಂಡು

ನಿವೃತ್ತನಾದ ದಿನ ಥೋರ್ಕಿಲ್
ನನ್ನ ಪಾಲಿಗೆ ಬಿಟ್ಟುಹೋದದ್ದು
ಒಂದೇ ಒಂದು ಫಂಕ್ಷನ್. ಒಂಬೈನೂರ ನಲವತ್ತು ಸಾಲು.
ಟಿ, ಟಿಟಿ, ಟಿಟಿ-ಎರಡು ಎಂಬ ಕುರುಡು ಹೆಸರುಗಳು,
ಏಣಿಯ ಮೇಲೆ ಏಣಿ ಇಟ್ಟಂಥ ಷರತ್ತುಗಳು,
ನಡುವೆಲ್ಲೋ ಒಂಟಿ ಕಮೆಂಟು:
"ಮುಟ್ಟಬೇಡಿ. ಶುಕ್ರವಾರವಂತೂ ಬೇಡವೇ ಬೇಡ."

ಸ್ವೆನ್‌ಬೋರ್ಗ್ ಬಂದರಿನೆದುರು
ಹಿಂದೊಮ್ಮೆ ಹಗ್ಗ ಹೊಸೆಯುತ್ತಿದ್ದ ಇಟ್ಟಿಗೆ ಕಟ್ಟಡದಲ್ಲಿ
ನಾವು ಕಿವಿಯ ಯಂತ್ರ ಮಾಡುತ್ತೇವೆ.
ಹುಣಸೆಬೀಜದಷ್ಟು ಗಾತ್ರ.
ಅದರ ಹೊಟ್ಟೆಯಲ್ಲಿ ಥೋರ್ಕಿಲನ ಆ ಗೋಜಲು.

ಚಳಿಗಾಲವಿಡೀ ಬಿಡಿಸುತ್ತ ಕೂತೆ.
ಒಂದು, ಅರವತ್ತೊಂದಾಯಿತು.
ಪ್ರತಿಯೊಂದಕ್ಕೂ ಒಂದೇ ಕೆಲಸ, ಅಂಗೈಯಲ್ಲಿ ಹಿಡಿಸುವಷ್ಟೇ ಮೈ,
ಕರೆದರೆ ಓಗೊಡುವ ಹೆಸರು:
ಗಾಳಿಯನ್ನು ಕಳೆ. ಮಾತನ್ನು ಎತ್ತು. ಸಿಳ್ಳೆಯನ್ನು ಅಡಗಿಸು.
ಪರೀಕ್ಷೆಗಳೆಲ್ಲ ಹಸಿರು.
ಪಕ್ಕದ ಮೇಜಿನ ಸಿಡ್ಸೆಲ್ ಓದಿ ಹೇಳಿದಳು,
"ಇದನ್ನು ನನ್ನ ಮಗನಿಗೆ ಮಲಗುವಾಗ ಓದಿಹೇಳಬಹುದು."
ಆ ರಾತ್ರಿ ನಾನೂ ಚೆನ್ನಾಗಿ ಮಲಗಿದೆ.

ಮಾರ್ಚಿನಲ್ಲಿ ರಾಗ್ನ್‌ಹಿಲ್ ಬಂದಳು.
ಎಂಬತ್ತೊಂದು ವಯಸ್ಸು. ಮೂವತ್ತು ವರ್ಷ
ದೋಣಿಕಟ್ಟೆಯ ಮೈಕಿನಲ್ಲಿ ಹೊರಡುವ ಹೊತ್ತು ಸಾರಿದವಳು.
ಯಂತ್ರವನ್ನು ಕಿವಿಗೇರಿಸಿಕೊಂಡು ತನ್ನ ಹೆಸರು ಹೇಳಿದಳು,
ಅರ್ಧಕ್ಕೇ ನಿಂತು
ಹಿಂದೆ ತಿರುಗಿ ನೋಡಿದಳು.
ಬಾಗಿಲು. ಕೋಟು ತೂಗಿದ ಗೂಟ. ಬೇರಾರೂ ಇಲ್ಲ.
"ಯಾರೋ ನನ್ನ ಬೆನ್ನಿಗೆ ನಿಂತು
ನನ್ನನ್ನೇ ಅಣಕಿಸುತ್ತಿದ್ದಾರೆ."

ಅಳೆದೆ. ಹತ್ತೊಂಬತ್ತು ಮಿಲಿಸೆಕೆಂಡು.
ನಮ್ಮ ಗಡಿ ಎಂಟು.
ಥೋರ್ಕಿಲನ ಕೊಳಕು ಆರರಲ್ಲಿ ಮುಗಿಸುತ್ತಿತ್ತು.

ನಾನು ಕಟ್ಟಿದ ಚೊಕ್ಕ ಕೋಣೆಗಳಲ್ಲಿ
ಸದ್ದು ಪ್ರತಿ ಹೊಸ್ತಿಲಲ್ಲೂ ಚಪ್ಪಲಿ ಬಿಡಬೇಕಿತ್ತು,
ಬಟ್ಟಲೊಂದು ತುಂಬುವ ತನಕ ಕಾಯಬೇಕಿತ್ತು,
ಮುಂದಿನ ಕೋಣೆಗೆ ತುಳುಕದಂತೆ ಹೊತ್ತು
ಅಲ್ಲಿನ ಬಟ್ಟಲಿಗೆ ಸುರಿದು
ಮತ್ತೆ ಕಾಯಬೇಕಿತ್ತು.
ಮರ್ಯಾದಸ್ಥರ ಮನೆ. ಒಳಗೆ ಬಂದವರು
ಊಟಕ್ಕೆ ಕೂರುವಷ್ಟರಲ್ಲಿ ಅನ್ನ ಆರಿರುತ್ತದೆ.

ಭಾನುವಾರ ತೋಸಿಂಗೆಗೆ ಹೋದೆ.
ಥೋರ್ಕಿಲ್ ಮಗುಚಿ ಹಾಕಿದ ದೋಣಿಯ ಬಿರುಕಿಗೆ
ಡಾಂಬರು ಮೆತ್ತುತ್ತಿದ್ದ, ಮೊಣಕೈವರೆಗೂ ಕಪ್ಪು.
ಬೈಯುತ್ತಾನೆಂದುಕೊಂಡಿದ್ದೆ. ಅಥವಾ ಗೆದ್ದೆನೆಂದು ನಗುತ್ತಾನೆಂದು.
"ಹೆಸರಿಡದೆ ಬಿಟ್ಟೆನಲ್ಲ," ಅಂದ,
"ಅದು ಬರೀ ನನ್ನ ಸೋಮಾರಿತನ.
ಹೆಸರು ಎಷ್ಟು ಉದ್ದವಿದ್ದರೇನು, ಯಂತ್ರ ಅದನ್ನು ಓದುವುದೇ ಇಲ್ಲ.
ವೇಗ ವೇಗ ಅಂತ ಹೇಳಿಕೊಂಡು
ಇಪ್ಪತ್ತು ವರ್ಷ ಸೋಮಾರಿತನ ಸಾಗಹಾಕಿದೆ."
ಆಮೇಲೆ ಕುಂಚ ನನ್ನತ್ತ ಚಾಚಿದ,
"ಬಿರುಕಿರುವ ಕಡೆ ಮಾತ್ರ ಮೆತ್ತು. ದೋಣಿಗೆಲ್ಲ ಬೇಡ."

ಸೋಮವಾರ ಊಹೆ ಬಿಟ್ಟು ಎಣಿಸಲು ಕೂತೆ.
ಅರವತ್ತೊಂದರಲ್ಲಿ ಐವತ್ತನಾಲ್ಕು
ಗುಂಡಿ ಒತ್ತಿದಾಗಷ್ಟೇ ಕಣ್ಣು ಬಿಡುವಂಥವು.
ಅವು ಹಾಗೇ ಇರಲಿ, ಸಿಡ್ಸೆಲ್‌ಳ ಮಗನಿಗೆ.
ಏಳು ಮಾತ್ರ ಸದ್ದಿನ ದಾರಿಗೆ ಅಡ್ಡ ನಿಂತಿದ್ದವು.
ಆ ಏಳರ ಗೋಡೆ ಒಡೆದೆ,
ಬಟ್ಟಲುಗಳನ್ನು ಎಸೆದೆ, ಒಂದನ್ನುಳಿದು.
ನೂರಮೂವತ್ತು ಸಾಲಿನ ಒಂದೇ ಹಜಾರ. ನೋಡಲು ಚೆಂದವಿಲ್ಲ.
ಹೆಸರುಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ.
ತಲೆಬಾಗಿಲಲ್ಲಿ ಕಾಗದವೊಂದನ್ನು ಬರೆದಿಟ್ಟೆ:
ಯಾಕೆ ಒಡೆದೆ, ಎಷ್ಟು ಉಳಿಯಿತು, ಎಂಥ ದಿನ,
ರಾಗ್ನ್‌ಹಿಲ್ ತಿರುಗಿ ನೋಡಿದ್ದು.

ಏಳೂವರೆಗೆ ಬಂತು.
ಅವನ ಆರಕ್ಕೆ ಬರಲಿಲ್ಲ. ತರಬಹುದಿತ್ತು,
ಇನ್ನೊಂದೆರಡು ಗೋಡೆ ಕೆಡವಿದ್ದರೆ.
ಆ ಒಂದೂವರೆ
ನನ್ನ ನಂತರ ಈ ಕುರ್ಚಿಯಲ್ಲಿ ಕೂರುವವರಿಗೆ ಕೊಟ್ಟೆ,
ಅವರು ನನ್ನನ್ನು ಶಪಿಸದೆ ಓದಲಿ ಎಂದು.
ಕೊಟ್ಟದ್ದು ನನ್ನ ಗಂಟಿನಿಂದಲ್ಲ.
ಮುದುಕಿಯ ಬ್ಯಾಟರಿ ಈಗ ಅರ್ಧ ದಿನ ಮುಂಚೆ ಸಾಯುತ್ತದೆ.
ಅವಳನ್ನು ಕೇಳಿರಲಿಲ್ಲ.

ಏಪ್ರಿಲ್. ರಾಗ್ನ್‌ಹಿಲ್ ಅದೇ ಕುರ್ಚಿಯಲ್ಲಿ,
ಗಂಟಲು ಸರಿಮಾಡಿಕೊಂಡು, ಮೈಕಿನ ಮುಂದೆ ನಿಂತಂತೆ,
ಏಳು ನಲವತ್ತರ ದೋಣಿ ಹೊರಡುತ್ತಿದೆಯೆಂದು
ಇಡೀ ಕೋಣೆಗೆ ಸಾರಿದಳು.
ತಿರುಗಿ ನೋಡಲಿಲ್ಲ.
ಸ್ವಲ್ಪ ಹೊತ್ತು ಸುಮ್ಮನಿದ್ದು
ಗೋಡೆಯತ್ತ ಬೆರಳು ಮಾಡಿದಳು,
"ಆ ಗಡಿಯಾರ ಯಾವಾಗಲೂ ಹೀಗೆಯೇ ಅರಚುತ್ತದಾ?"