ಒಂದು ನೂಲಿನಷ್ಟು

ಮತ್ರಾ ಸೂಕಿನ ಹಿಂದೆ, ಎರಡನೇ ಮಹಡಿ.
ರಾತ್ರಿ ಎಂಟೂವರೆಗೆ ಅಂಗಡಿ ಮುಚ್ಚಿ ಬಂದರು
ದರ್ಜಿ ಹಮ್ಮಬ್ಬ,
ಕೊರಳಲ್ಲಿ ಇನ್ನೂ ಅಳತೆಯ ಟೇಪು.

ಬಾಯಿ ತೆರೆದರೆ
ಮೇಲಿನ ಮುಂಹಲ್ಲಿನ ಅಂಚಿಗೊಂದು ಕಚ್ಚು,
ಅರದಿಂದ ಉಜ್ಜಿದಷ್ಟು ನುಣುಪು.
ಮೂವತ್ತೊಂದು ವರ್ಷ ದಿಶ್‌ದಾಶ ಹೊಲಿದು
ನೂಲು ಕಡಿದ ಜಾಗ.
"ಕತ್ತರಿ ಇರಲಿಲ್ವಾ?"
"ಇತ್ತು ಡಾಕ್ಟ್ರೇ. ಕೈ ಎರಡೇ ಇದ್ದದ್ದು."

ತುಟಿಯ ಪಕ್ಕ ಬಣ್ಣದ ಪಟ್ಟಿ ಹಿಡಿದೆ.
ಕನ್ನಡಿಯಲ್ಲಿ ಕಣ್ಣು ಕಿರಿದು ಮಾಡಿ ನೋಡಿದರು,
ಬಿಳಿಯೊಳಗೆ ಎಷ್ಟು ಬಿಳಿಗಳಿವೆ ಎಂದು
ನನಗಿಂತ ಚೆನ್ನಾಗಿ ಬಲ್ಲವರು.
"ಇದು ಪೆರ್ನಾಳಿನ ಬಿಳಿ, ಬೇಡ.
ಆ ಕೊನೆಯದ್ದು ಉಂಟಲ್ಲ,
ಚಾ ಚೆಲ್ಲಿ ತೊಳೆದ ಹಾಗಿರುವುದು,
ಅದು ನನ್ನದು."

ಪದರದ ಮೇಲೆ ಪದರ ಇಟ್ಟೆ,
ನೀಲಿ ಬೆಳಕು ಹಿಡಿದು ಇಪ್ಪತ್ತು ಎಣಿಸಿದೆ,
ಬಣ್ಣದ ಕಾಗದ ಕಚ್ಚಿಸಿ
ಎತ್ತರ ಕಂಡಲ್ಲಿ ಸವರಿದೆ.
"ಟ್ರಯಲ್ಲು ನೋಡ್ತಾ ಇದ್ದೀರಿ" ಎಂದರು,
ಬಾಯಲ್ಲಿ ಹತ್ತಿ ಇಟ್ಟುಕೊಂಡೇ.

ಕೊನೆಗೆ ಅವರ ನಾಲಿಗೆ
ಹೋಗಿ ಹೋಗಿ ಆ ಜಾಗ ಹುಡುಕಿತು.
ಸಿಗಲಿಲ್ಲ.
ಮುಖದಲ್ಲಿ ಸಂತೋಷವಿತ್ತೋ, ಹೇಳಲಾರೆ.
ಇನ್ನು ನೂಲು ಕಡಿಯಬೇಡಿ ಎಂದೆ.
ತಲೆ ಆಡಿಸಿದರು, ಬೆಲೆ ಇಳಿಸು ಎನ್ನುವ ಗಿರಾಕಿಗೆ
ಆಡಿಸುವ ಹಾಗೆ.

ಆರು ವಾರಕ್ಕೆ ಮತ್ತೆ ಅದೇ ಕುರ್ಚಿ.
ಅಂಚು ಎದ್ದಿತ್ತು, ಸಂದಿಯಲ್ಲಿ
ಸಿಕ್ಕಿಕೊಂಡಿತ್ತು ಬಿಳಿಯ ಒಂದೆಳೆ.
ಚಿಮುಟದಲ್ಲಿ ಎಳೆದು ದೀಪಕ್ಕೆ ಹಿಡಿದೆ.
ಹಮ್ಮಬ್ಬ ಚಾವಣಿ ನೋಡಿದರು.

ಈ ಸಲ ಪೂರ್ತಿ ಮುಚ್ಚಲಿಲ್ಲ.
ಅಂಚನ್ನು ಗುಂಡಗೆ ತೀಡಿ
ಒಂದು ನೂಲಿನಷ್ಟು ಹಾಗೇ ಬಿಟ್ಟೆ.
ನಾಲಿಗೆ ಅಲ್ಲಿಗೆ ಹೋಯಿತು, ನಿಂತಿತು.

ಕಡತದಲ್ಲಿ ಮಾತ್ರ
ತುಂಬಿದೆ ಎಂದು ಬರೆದೆ.